ದೊಡ್ಡಗಂಗಮ್ಮ ಮತ್ತು ಉಲ್ಟಾ ಇಂಜಿನ್ನು

ಕಳೆದ ಆಗಸ್ಟಿನಲ್ಲಿ ತುಮಕೂರಿನ ಶೆಟ್ಟಿಹಳ್ಳಿಯ ಒಂದು ಖಾಸಗಿ ಶಾಲೆಯ ಮೈದಾನದಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಶಾಲೆಯ ಹೆಸರು ಬರೆಯುವುದಿಲ್ಲ. ಗೇಟಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ಅವರೇ ಬರೆಸಿಕೊಂಡಿದ್ದಾರೆ, ಅಷ್ಟು ಸಾಕು. ಯಾರ ಹೆಸರು ಎಲ್ಲೂ ಬರೆದಿಲ್ಲವೋ ಅವಳದನ್ನು ಬರೆಯುತ್ತೇನೆ. ದೊಡ್ಡಗಂಗಮ್ಮ. ವಯಸ್ಸು ಐವತ್ತಾರು. ಆ ಮೈದಾನದ ಹುಲ್ಲು ಕತ್ತರಿಸುವ ಮಿಷಿನ್ನನ್ನು ಹದಿನೆಂಟು ವರ್ಷದಿಂದ ತಳ್ಳಿಕೊಂಡು ಬಂದವಳು.

ಆಕೆ ಹುಟ್ಟಿದ್ದು ಗುಬ್ಬಿ ಕಡೆಯ ಕಡಬದಲ್ಲಿ. ಕೆರೆಯ ನೀರು ಹಿಂದೆ ಸರಿದ ಹಾಗೆಲ್ಲ ಅಂಗಳದಲ್ಲಿ ಹುಲ್ಲು ಹಬ್ಬುತ್ತದೆ. ಎಂಟನೇ ವಯಸ್ಸಿಗೇ ಕುಡುಗೋಲು ಹಿಡಿದು ಎರಡು ಎಮ್ಮೆಗಾಗುವಷ್ಟು ಹೊರೆ ಕಟ್ಟುತ್ತಿದ್ದಳು. ಪಾಠಶಾಲೆಯ ಬಾಗಿಲು ಕಂಡದ್ದು ಎರಡೇ ವರ್ಷ. ಮದುವೆಯಾಗಿ ತುಮಕೂರಿಗೆ ಬಂದು, ಈ ಶಾಲೆಗೆ ಕಸ ಗುಡಿಸಲು ಸೇರಿದಳು. ಮೈದಾನ ನೋಡಿಕೊಳ್ಳುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟ. ಮೂವರು ಗಂಡಸರು ಮಿಷಿನ್ನಿನ ಹಗ್ಗ ಎಳೆದೆಳೆದು ಭುಜ ಹಿಡಿದುಕೊಂಡು ಕೂತರು. ಗುಡಿಸುತ್ತಿದ್ದವಳು ಬಂದು ನೋಡಿದಳು. ಪೆಟ್ರೋಲಿನ ನಲ್ಲಿಯನ್ನೇ ಯಾರೂ ತಿರುಗಿಸಿರಲಿಲ್ಲ. ತಿರುಗಿಸಿ ಒಂದೇ ಎಳೆತಕ್ಕೆ ಶುರು ಮಾಡಿದಳು. ಅಂದಿನಿಂದ ಆ ಮಿಷಿನ್ನು ಅವಳ ಕೈಗೆ ಬಂತು, ಪೊರಕೆ ಬೇರೆಯವರ ಕೈಗೆ ಹೋಯಿತು.

ಆ ಮಿಷಿನ್ನು ಹೇಗಿದೆಯೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮುಂದೆ ಒಂದು ಉರುಳೆ. ಅದರ ಮೈಸುತ್ತ ತಿರುಚಿ ಕೂರಿಸಿದ ಆರು ಬ್ಲೇಡು. ಉರುಳೆಯ ಅಡಿಯಲ್ಲಿ ಅಲುಗದ ಒಂದು ಪಟ್ಟಿ ಬ್ಲೇಡು. ಇಂಜಿನ್ನು ಬೆಲ್ಟಿನಿಂದ ಉರುಳೆ ತಿರುಗಿಸುತ್ತದೆ, ಹುಲ್ಲು ಎರಡರ ನಡುವೆ ಕತ್ತರಿಗೆ ಸಿಕ್ಕಂತೆ ಸಿಕ್ಕಿ ತುಂಡಾಗುತ್ತದೆ. ಹಿಂದಿನಿಂದ ತಳ್ಳುವುದು ಮನುಷ್ಯರ ಕೆಲಸ. ಬ್ಲೇಡು ಮೊಂಡಾದಾಗ ಗಂಗಮ್ಮ ಬೆಲ್ಟು ಕಳಚಿ, ಅಲುಗಿಗೆ ಸಾಣೆ ಪೇಸ್ಟು ಬಳಿದು, ಉರುಳೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತಿದ್ದಳು. ಮುಂದಕ್ಕೆ ತಿರುಗಿದರೆ ಕತ್ತರಿ, ಹಿಂದಕ್ಕೆ ತಿರುಗಿದರೆ ಸಾಣೆ. ಎರಡರ ಸದ್ದೂ ಬೇರೆ. ಇದನ್ನು ಆಕೆಗೆ ಯಾರೂ ಪುಸ್ತಕ ಓದಿಸಿ ಕಲಿಸಲಿಲ್ಲ.

ಜುಲೈ ಕೊನೆಯಲ್ಲಿ ಹಳೆಯ ಇಂಜಿನ್ನಿನ ಕನೆಕ್ಟಿಂಗ್ ರಾಡು ಮುರಿದು ಹೊಟ್ಟೆ ತೂತು ಮಾಡಿಕೊಂಡು ಹೊರಬಂತು. ಗುಬ್ಬಿಯಿಂದ ಮೆಕ್ಯಾನಿಕ್ ಸೈಫುಲ್ಲಾ ಬಂದು ನೋಡಿದ. ಆ ಕಂಪನಿಯ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ, ಬೇರೆ ಕಂಪನಿಯ ಇಂಜಿನ್ ಕೂರಿಸೋಣ, ಮಿಷಿನ್ನಿನ ಮೈ ಇನ್ನೂ ಗಟ್ಟಿಯಾಗಿದೆ ಎಂದ. ಒಂದು ಚೀಟಿಯಲ್ಲಿ ಬರೆದೂ ಕೊಟ್ಟ: ಶಾಫ್ಟಿನ ದಪ್ಪ ಇಷ್ಟು, ಬೋಲ್ಟಿನ ಅಂತರ ಇಷ್ಟು, ಶಾಫ್ಟು ಇಂಜಿನ್ನಿನಿಂದ ನೇರ ಬರಬೇಕು, ನಡುವೆ ಗೇರು ಇರಬಾರದು.

ಆ ಚೀಟಿ ಹೋದದ್ದು ಭಾನುಪ್ರಕಾಶನ ಜೇಬಿಗೆ. ಶಾಲೆಯ ಆಡಳಿತದ ಮ್ಯಾನೇಜರು ಅವನು. ಇಸ್ತ್ರಿ ಅಂಗಿ, ಕೈಯಲ್ಲೆರಡು ಫೋನು. ತುಮಕೂರಿನಲ್ಲೇ ಇಂಜಿನ್ ಸಿಗುತ್ತಿತ್ತು, ಆದರೆ ಕುಣಿಗಲ್‌ನಲ್ಲಿ ತನಗೆ ಗೊತ್ತಿರುವ ಅಂಗಡಿ ಇದೆಯೆಂದು ಕಾರು ಹತ್ತಿದ. ಜೇಬಿನ ಚೀಟಿ ಜೇಬಿನಲ್ಲೇ ಉಳಿಯಿತು. ಅಂಗಡಿಯವನು ಹೊಲದಲ್ಲಿ ಕಳೆ ತೆಗೆಯುವ ಮಿಷಿನ್ನಿನ ಇಂಜಿನ್ ತೋರಿಸಿ, ಇದಕ್ಕೆ ಎಳೆಯುವ ಶಕ್ತಿ ಜಾಸ್ತಿ ಅಂದನಂತೆ. ಇವನು ತಂದೇ ಬಿಟ್ಟ. ಅದರ ಮೂತಿಯಲ್ಲಿ ವೇಗ ಅರ್ಧಕ್ಕೆ ಇಳಿಸುವ ಗೇರಿನ ಡಬ್ಬಿ ಇತ್ತು.

ಸೈಫುಲ್ಲಾ ನೋಡಿದವನೇ, ನಾನು ಹೇಳಿದ್ದು ಇದಲ್ಲ ಎಂದ. ಬೋಲ್ಟು ಕೂರುತ್ತದೆ ತಾನೆ, ಕೂರಿಸು ಎಂದ ಭಾನುಪ್ರಕಾಶ್. ಸೈಫುಲ್ಲಾ ಬುದ್ಧಿವಂತ. ವೇಗ ಅರ್ಧವಾಗುತ್ತದೆಂದು ತಿಳಿದು ಇಂಜಿನ್ನಿನ ಪುಲ್ಲಿಯನ್ನು, ಅಂದರೆ ಬೆಲ್ಟಿನ ಚಕ್ರವನ್ನು, ದೊಡ್ಡದು ಹಾಕಿ ಸರಿದೂಗಿಸಿದ. ಅಷ್ಟು ಲೆಕ್ಕ ಹಾಕಿದವನಿಗೆ ದಿಕ್ಕು ನೋಡಬೇಕೆಂದು ಹೊಳೆಯಲಿಲ್ಲ. ಮಳೆ ಹಿಡಿದಿತ್ತು, ಹುಲ್ಲು ನೆನೆದಿತ್ತು, ಗುಬ್ಬಿ ಬಸ್ಸಿಗೆ ಹೊತ್ತಾಗಿತ್ತು. ಕತ್ತರಿಸಿ ನೋಡದೆಯೇ ಹೊರಟ. ಅವನ ಮೇಲೂ ನನಗೆ ಸಿಟ್ಟಿದೆ. ಅಟ್ಟವಳು ರುಚಿ ನೋಡದೆ ಬಡಿಸಬಾರದು.

ಮಾರನೆಯ ದಿನ ಗಂಗಮ್ಮ ಮಿಷಿನ್ ಹೊರಡಿಸಿದಳು. ಇಂಜಿನ್ನು ಒಳ್ಳೆ ಗೂಳಿಯ ಹಾಗೆ ಗುಟುರಿತು. ಹತ್ತು ಮಾರು ತಳ್ಳಿ ತಿರುಗಿ ನೋಡಿದರೆ ಹುಲ್ಲು ಮಲಗಿದೆ, ತುಂಡಾಗಿಲ್ಲ. ತುದಿಯೆಲ್ಲ ಜಜ್ಜಿದೆ. ಆಕೆ ನಿಲ್ಲಿಸಿ, ಇನ್ನೊಮ್ಮೆ ಶುರು ಮಾಡಿ, ಉರುಳೆಯ ಹತ್ತಿರ ಕಿವಿ ಇಟ್ಟು ಕೇಳಿದಳು. ಆಮೇಲೆ ನೇರ ಆಫೀಸಿಗೆ ಹೋಗಿ ಹೇಳಿದಳು: ಮಿಷಿನ್ನು ಕತ್ತರಿಸುತ್ತಿಲ್ಲ, ಸಾಣೆ ಹಿಡಿಯುತ್ತಿದೆ, ಇಂಜಿನ್ ಉಲ್ಟಾ ತಿರುಗುತ್ತಿದೆ.

ಭಾನುಪ್ರಕಾಶ್ ಎದ್ದು ಬಂದು ನೋಡಲಿಲ್ಲ. ಕುಣಿಗಲ್ ಅಂಗಡಿಗೆ ಫೋನ್ ಹಚ್ಚಿದ. ಮೂವತ್ತೈದು ಕಿಲೋಮೀಟರು ದೂರದಲ್ಲಿ ಕೂತ ಅಂಗಡಿಯವನು, ನಡೆಸುವವರ ಕೈಯಲ್ಲಿ ತಪ್ಪಿರಬೇಕು ಎಂದ. ಕಣ್ಣೆದುರಿಗಿದ್ದವಳ ಮಾತಿಗೆ ಇಲ್ಲದ ತೂಕ ಫೋನಿನ ಮಾತಿಗೆ ಬಂತು. ಮೂರು ದಿನ ಆಕೆ ಬ್ಲೇಡು ಏರಿಸಿ ಇಳಿಸಿ ನೋಡಿದಳು, ಮೂರು ದಿನವೂ ಅದೇ ಮಾತು ಹೇಳಿದಳು. ಇತ್ತ ಹುಲ್ಲು ಮಳೆಗೆ ಕೊಬ್ಬಿ ಏಳುತ್ತಿತ್ತು. ಹದಿನೈದರಂದು ಅಲ್ಲಿ ಮಕ್ಕಳ ಕವಾಯತು ಆಗಬೇಕು. ಹುಲ್ಲು ನಾಲ್ಕು ಬೆರಳು ದಾಟಿದರೆ ಆ ಮಿಷಿನ್ನು ಮುಟ್ಟುವುದೂ ಇಲ್ಲ.

ನಾಲ್ಕನೆಯ ದಿನ, ಹನ್ನೊಂದನೇ ತಾರೀಕು, ಭಾನುಪ್ರಕಾಶ್ ಕೆಲಸಗಾರರನ್ನೆಲ್ಲ ಮೈದಾನದ ಅಂಚಿನಲ್ಲಿ ನಿಲ್ಲಿಸಿದ. ಆಯಾಗಳು, ಡ್ರೈವರುಗಳು, ವಾಚ್‌ಮನ್ನು, ಹದಿನೈದು ಹದಿನಾರು ಜನ. ಯಾರ ಯಾರ ಕೆಲಸ ಏನೆಂದು ಹಂಚುತ್ತಾ ಹಂಚುತ್ತಾ ಗಂಗಮ್ಮನ ಹತ್ತಿರ ಬಂದ.

“ಏನಮ್ಮ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಂಪನಿ ತಪ್ಪು ಮಾಡುತ್ತೆ, ಮೆಕ್ಯಾನಿಕ್ ತಪ್ಪು ಮಾಡ್ತಾನೆ, ನೀನು ಮಾತ್ರ ಮಾಡಲ್ಲ, ಅಲ್ವಾ?”

“ಕಂಪ್ನಿ ತಪ್ಪು ಅಂತ ನಾನನ್ನಲಿಲ್ಲ ಸಾ. ಇಂಜಿನ್ ಚೆನ್ನಾಗೇ ಐತೆ. ನಮ್ ಮಿಷಿನ್ನಿಗೆ ಅದು ಉಲ್ಟಾ ಐತೆ ಅಂದೆ.”

“ಪೆಟ್ರೋಲ್ ಇಂಜಿನ್ ಉಲ್ಟಾ ತಿರುಗುತ್ತಂತೆ, ಕೇಳಿಸ್ಕೊಂಡ್ರಾ?” ಎಂದು ಅವನು ಡ್ರೈವರುಗಳ ಕಡೆ ನೋಡಿದ. ಅವರು ನಕ್ಕರು. ಇಂಜಿನ್ನಿನಿಂದ ಅನ್ನ ತಿನ್ನುವವರೇ ನಕ್ಕರು.

ಹೆಂಗಸರಿಗೆ ಮಿಷಿನ್ ಕೊಟ್ಟದ್ದೇ ಮೊದಲಿನವರ ತಪ್ಪು, ಹದಿನಾರರಿಂದ ಗಂಗಮ್ಮ ಕಾರಿಡಾರು ಗುಡಿಸಲಿ, ಹುಲ್ಲಿನ ಕೆಲಸಕ್ಕೆ ಏಜೆನ್ಸಿಯ ಹುಡುಗರು ಬರುತ್ತಾರೆ ಎಂದು ಅಲ್ಲೇ ಹೇಳಿಬಿಟ್ಟ. ಹದಿನೆಂಟು ವರ್ಷದ ಕೈಯನ್ನು ಮತ್ತೆ ಪೊರಕೆಗೆ ಇಳಿಸಲು ಅವನಿಗೆ ಬೇಕಾದದ್ದು ಅರ್ಧ ನಿಮಿಷ.

ಅವತ್ತು ಸಂಜೆ ಆಕೆ ನನ್ನ ಲೇತ್ ಶೆಡ್ಡಿಗೆ ಬಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಲೇತ್ ಕಲಿತದ್ದು ಪರರ ಕೈ ನೋಡಿ. ಈ ಊರಲ್ಲಿ ಡಿಗ್ರಿ ಪಡೆದವರು ಕೆಡಿಸಿ ತಂದದ್ದನ್ನು ಐವತ್ತು ವರ್ಷ ಸರಿ ಮಾಡಿ ಕಳಿಸಿದ್ದೇನೆ. ಅವಳ ಪಟ್ಟಿ ಬ್ಲೇಡಿಗೆ ವರ್ಷಕ್ಕೊಮ್ಮೆ ಅಲುಗು ಮಾಡಿಕೊಡುವವನೂ ನಾನೇ. ಅವಳು ಸೆರಗಿನ ತುದಿಯಿಂದ ಒಂದು ಹಿಡಿ ಹುಲ್ಲು ತೆಗೆದು ನನ್ನ ಮುಂದೆ ಸುರಿದಳು. ಹೇಳಬೇಕಾದದ್ದು ಹೇಳಿದಳು. ನಾಚಿಕೆ ಬಿಟ್ಟು ಬರೆಯುತ್ತೇನೆ, ನಾನೂ ಮೊದಲು ನಂಬಲಿಲ್ಲ. ಬ್ಲೇಡು ಮೊಂಡಾಗಿರಬೇಕು ಕಣಮ್ಮ ಎಂದೆ.

“ಹೋದ ತಿಂಗ್ಳು ನೀವೇ ಅಲುಗು ಮಾಡ್ಕೊಟ್ಟಿದ್ದು ಯಜಮಾನ್ರೇ. ಹಂಗಾದ್ರೆ ನಿಮ್ ಕೆಲ್ಸಾನೂ ಸುಳ್ಳು, ನನ್ ಕಿವೀನೂ ಸುಳ್ಳು, ಆ ಫೋನು ಒಂದೇ ನಿಜ ಅನ್ನಿ.”

ಕೆನ್ನೆಗೆ ಹೊಡೆದ ಹಾಗಾಯಿತು. ಹುಲ್ಲಿನ ಎಸಳನ್ನು ಬೆಳಕಿಗೆ ಹಿಡಿದು ನೋಡಿದೆ. ಮೊಂಡು ಬ್ಲೇಡು ಹುಲ್ಲನ್ನು ಹರಿಯುತ್ತದೆ, ತುದಿ ನಾರುನಾರಾಗುತ್ತದೆ. ಇದರಲ್ಲಿ ಹರಿದ ಗುರುತೂ ಇಲ್ಲ. ಬರೀ ಒತ್ತಿ ಬಿಟ್ಟ ಗುರುತು. ಅವಳು ಹೇಳಿದ್ದ ಗೇರಿನ ಡಬ್ಬಿ ಆಗ ನೆನಪಿಗೆ ಬಂತು. ಹಲ್ಲಿಗೆ ಹಲ್ಲು ಕೂತ ಎರಡು ಚಕ್ರ ಎಂದಾದರೂ ಒಂದೇ ಕಡೆ ತಿರುಗುತ್ತವೆಯೇ? ಆಲೆಮನೆಯ ಗಾಣ ಕಂಡ ಮಗುವಿಗೂ ಗೊತ್ತಿರುವ ಸಂಗತಿ. ಇಂಜಿನ್ನು ಒಳಗೆ ಸರಿಯಾಗೇ ತಿರುಗುತ್ತದೆ, ಗೇರು ದಾಟಿ ಹೊರಬರುವಾಗ ದಿಕ್ಕು ಬದಲಾಗುತ್ತದೆ. ನನಗೆ ಬಂದ ಸಿಟ್ಟು ಭಾನುಪ್ರಕಾಶನ ಮೇಲೊಂದೇ ಅಲ್ಲ. ಕೂಡಲೇ ಗುಬ್ಬಿಗೆ ಫೋನ್ ಮಾಡಿ ಸೈಫುಲ್ಲಾನಿಗೆ ಬಾಯಿಗೆ ಬಂದದ್ದು ಅಂದೆ.

ಅವನು ಬೆಳಿಗ್ಗೆಯ ಮೊದಲ ಬಸ್ಸಿಗೇ ಬಂದ. ಮೂವರೂ ಮೈದಾನಕ್ಕೆ ಹೋದೆವು. ಭಾನುಪ್ರಕಾಶನೂ ಬಂದು ಕೈಕಟ್ಟಿ ನಿಂತ. ಗಂಗಮ್ಮ ಹಳೆಯ ಪತ್ರಿಕೆಯ ಒಂದು ಚೂರನ್ನು ಉರುಳೆಗೂ ಪಟ್ಟಿ ಬ್ಲೇಡಿಗೂ ನಡುವೆ ಹಿಡಿದು, ಬೆಲ್ಟು ಸಡಿಲಿಸಿ ಕೈಯಿಂದ ಮುಂದಕ್ಕೆ ತಿರುಗಿಸಿದಳು. ಕಾಗದ ದರ್ಜಿಯ ಕತ್ತರಿಗೆ ಸಿಕ್ಕಂತೆ ಎರಡಾಯಿತು. ಹಿಂದಕ್ಕೆ ತಿರುಗಿಸಿದಳು. ಕಾಗದ ಮುದುರಿ ಹೊರಬಂತು. ಆಮೇಲೆ ಪುಲ್ಲಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಇಂಜಿನ್ನಿನ ಸ್ವಿಚ್ಚು ಆರಿಸಿ, ಹಗ್ಗವನ್ನು ಮೆಲ್ಲಗೆ ಎಳೆದಳು. ಗೆರೆ ಹಿಂದಕ್ಕೆ ಹೊರಳಿತು.

ಸೈಫುಲ್ಲಾ ನೆಲದ ಮೇಲೆ ಕುಕ್ಕರಿಸಿ ತಲೆ ಮೇಲೆ ಕೈ ಹೊತ್ತ. “ತಪ್ಪು ನಂದು ಗಂಗಕ್ಕ. ಸ್ಪೀಡ್ ನೋಡ್ದೆ, ದಿಕ್ಕು ನೋಡ್ಲಿಲ್ಲ.”

“ನಿನ್ನ ಬೈಯೋಕೆ ಯಜಮಾನ್ರು ಅವ್ರೆ ಬುಡ್ಲಾ. ಎದ್ದು ದಾರಿ ತೋರ್ಸು.”

ಭಾನುಪ್ರಕಾಶ್ ಕುಣಿಗಲ್‌ಗೆ ಮತ್ತೆ ಫೋನ್ ಹಚ್ಚಿದ. ಬೋಲ್ಟು ಹಾಕಿ ಬಳಸಿದ ಇಂಜಿನ್ ವಾಪಸ್ ಇಲ್ಲ ಎಂಬ ಉತ್ತರ ಬಂತು. ನಾಲ್ಕು ದಿನದ ಹಿಂದೆ ವೇದವಾಕ್ಯವಾಗಿದ್ದ ಅದೇ ಬಾಯಿ. ಅವನು ಫೋನು ಜೇಬಿಗಿಟ್ಟು, ಏನಾದರೂ ಮಾಡಿ ಎಂದು ಹೇಳಿ ಆಫೀಸಿನ ಕಡೆ ನಡೆದ.

ದಾರಿ ಇತ್ತು. ಇಂಜಿನ್ನಿನ ದಿಕ್ಕು ಬದಲಿಸಲು ಆಗುವುದಿಲ್ಲ, ಆದರೆ ಇಂಜಿನ್ನನ್ನೇ ತಿರುಗಿಸಿ ಕೂರಿಸಬಹುದು. ಎಡಕ್ಕೆ ಮುಖ ಮಾಡಿದ ಶಾಫ್ಟನ್ನು ಬಲಕ್ಕೆ ತಿರುಗಿಸಿದರೆ ಉರುಳೆಯ ಪಾಲಿಗೆ ಅದು ಮುಂದಕ್ಕೇ ತಿರುಗಿದಂತಾಗುತ್ತದೆ. ಆಗ ಉರುಳೆಯ ಪುಲ್ಲಿಯೂ ಬಲಕ್ಕೆ ಬರಬೇಕು. ಆ ಕಡೆ ಉರುಳೆಯ ಅಚ್ಚು ಗಿಡ್ಡ. ನಾನು ಶೆಡ್ಡಿಗೆ ಬಂದು ಅಚ್ಚಿಗೆ ಸೇರಿಸಲು ಒಂದೂವರೆ ಅಂಗುಲದ ತುಂಡು ಕಡೆದು, ಪುಲ್ಲಿಯ ಕೀಲಿ ಕೂರುವ ಸೀಳು ತೆಗೆದು ಕೊಟ್ಟೆ. ಸೈಫುಲ್ಲಾ ಎರಡು ದಿನ ಊರಿಗೆ ಹೋಗದೆ ಹೊಸ ತೂತು ಕೊರೆದ. ಹೊಗೆ ನಳಿಗೆ ಈಗ ತಳ್ಳುವವರ ಮುಖಕ್ಕೆ ಬಂದದ್ದರಿಂದ ತಗಡಿನ ಮರೆ ಕಟ್ಟಿದ. ಹಗ್ಗ ಎಳೆಯುವ ಬದಿ ಎಡಕ್ಕೆ ಹೋಯಿತು, ಅದಕ್ಕೆ ಏನೂ ಮಾಡುವಂತಿರಲಿಲ್ಲ.

ಹದಿನಾಲ್ಕರ ಮಧ್ಯಾಹ್ನ ಊಟದ ಮೇಲೆ ಮಿಷಿನ್ನು ಸಿದ್ಧವಾಯಿತು. ಬಾವುಟದ ಕಂಬಕ್ಕೆ ಬಣ್ಣ ಹೊಡೆಯಲು, ಶಾಮಿಯಾನ ಕಟ್ಟಲು ಕೆಲಸಗಾರರೆಲ್ಲ ಮೈದಾನದಲ್ಲೇ ಇದ್ದರು. ಭಾನುಪ್ರಕಾಶ್ ಬಂದು ಗಡಿಯಾರ ನೋಡಿಕೊಂಡ. ಹ್ಞೂಂ, ಶುರು ಮಾಡಮ್ಮ, ಕತ್ತಲೊಳಗೆ ಮುಗಿಯಬೇಕು ಎಂದ. ಏನೂ ನಡೆದೇ ಇಲ್ಲ ಎನ್ನುವಂತೆ ಅಂದ. ನನ್ನ ಕೈಯಲ್ಲಿ ಸ್ಪ್ಯಾನರು ಇತ್ತು, ಹೇಗೋ ತಡೆದುಕೊಂಡೆ.

ಗಂಗಮ್ಮ ಮಿಷಿನ್ನಿನ ಪಕ್ಕ ಕಲ್ಲುಬೆಂಚಿನ ಮೇಲೆ ಕೂತಳು.

ಹದಿನಾರರಿಂದ ನಾನು ಎಲ್ಲಿ ಸಾ ಎಂದು ಕೇಳಿದಳು. ಅವನು, ಅದನ್ನೆಲ್ಲ ಆಮೇಲೆ ಮಾತಾಡೋಣ ಎಂದ. ಆಮೇಲೆಯೇ ಶುರು ಮಾಡುತ್ತೇನೆ ಎಂದಳು. ಅವನು ಡ್ರೈವರೊಬ್ಬನಿಗೆ ಕಣ್ಣು ಮಾಡಿದ. ಆ ಡ್ರೈವರು ಮಿಷಿನ್ನನ್ನೂ ಗಂಗಮ್ಮನನ್ನೂ ನೋಡಿ, ನಂಗೆ ಬರಲ್ಲ ಸಾರ್ ಎಂದ. ನಕ್ಕಿದ್ದವರಲ್ಲಿ ಅವನೂ ಒಬ್ಬ. ಭಾನುಪ್ರಕಾಶ್ ಸೈಫುಲ್ಲಾನ ಕಡೆ ನೋಡಿದ. ನಾನು ರಿಪೇರಿಯವನು ಸಾರ್, ನಡೆಸುವವರು ಅವರು ಎಂದು ಅವನು ಕೈ ಒರೆಸಿಕೊಂಡ.

ಮೋಡ ಕವಿಯುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ಹುಲ್ಲು ಮಿಷಿನ್ನಿಗೆ ದಕ್ಕುವುದಿಲ್ಲವೆಂದು ಭಾನುಪ್ರಕಾಶನಿಗೂ ಗೊತ್ತಿತ್ತು.

ಕೊನೆಗೆ ಗಂಟಲು ಸರಿ ಮಾಡಿಕೊಂಡು, “ನೋಡ್ರಪ್ಪಾ, ಇಂಜಿನ್ ಉಲ್ಟಾ ಇತ್ತು. ಈಗ ಸರಿಹೋಗಿದೆ” ಎಂದ.

“ಇಂಜಿನ್ ವಿಷ್ಯ ನಂಗೊತ್ತು ಸಾ. ನನ್ ವಿಷ್ಯ ಹೇಳಿ. ಅವತ್ತು ಯಾರ್ ಮುಂದೆ ಹೇಳುದ್ರೋ ಅವ್ರೆಲ್ಲ ಇಲ್ಲೇ ಅವ್ರೆ.”

ಅವನ ಮುಖ ಬೆಂದ ಬದನೆಕಾಯಿಯಂತಾಯಿತು. ಶಾಮಿಯಾನದ ಗೂಟ ಹೊಡೆಯುತ್ತಿದ್ದವನೂ ಸುತ್ತಿಗೆ ನಿಲ್ಲಿಸಿದ. ಭಾನುಪ್ರಕಾಶ್ ನೆಲ ನೋಡುತ್ತಾ ಒಂದೊಂದೇ ಮಾತು ಹೊರಗೆ ಹಾಕಿದ.

“ತಪ್ಪು ಗಂಗಮ್ಮನ ಕೈಯದಲ್ಲ. ಇಂಜಿನ್ ತಂದ ನಂದು. ಹುಲ್ಲಿನ ಮಿಷಿನ್ ಅವರ ಹತ್ರಾನೇ ಇರುತ್ತೆ. ಏಜೆನ್ಸಿಯವರಿಗೆ ಬರಬೇಡಿ ಅಂತ ಹೇಳ್ತೀನಿ.”

“ಈಗಲೇ ಹೇಳಿ ಸಾ. ಫೋನ್ ಐತಲ್ಲ.”

ಅವನು ಅಲ್ಲೇ ನಿಂತು ಫೋನ್ ಮಾಡಿದ. ಬೇಡ, ಇರಲಿ, ಬೇಡ ಎಂಬ ಮೂರು ಮಾತು ನಮಗೆಲ್ಲ ಕೇಳಿಸಿತು. ನನಗೆ ಅಷ್ಟಕ್ಕೆ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಪುಲ್ಲಿಯ ಮೇಲಿನ ಗೆರೆ ನೋಡಿ ಅವತ್ತೇ ಹೇಳಬಹುದಾಗಿದ್ದ ಮಾತಿಗೆ ಮೋಡ ಕವಿಯಬೇಕಾಯಿತಲ್ಲ.

ಗಂಗಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಿಷಿನ್ನಿನ ಎಡಕ್ಕೆ ಬಂದಳು. ಹದಿನೆಂಟು ವರ್ಷ ಬಲಗೈಯಲ್ಲಿ ಎಳೆದ ಹಗ್ಗವನ್ನು ಎಡಗೈಯಲ್ಲಿ ಹಿಡಿದಳು. ಮೊದಲ ಎಳೆತ ಅರ್ಧಕ್ಕೇ ನಿಂತಿತು. ಎರಡನೆಯದಕ್ಕೆ ಕೆಮ್ಮಿ ಸುಮ್ಮನಾಯಿತು. ಯಾರೂ ನಗಲಿಲ್ಲ. ಆಕೆ ಕಾಲು ಅಗಲಿಸಿ ನಿಂತು, ಸೊಂಟದಿಂದ ಎಳೆದಳು. ಇಂಜಿನ್ನು ಹಿಡಿಯಿತು. ಹಿಡಿ ಒತ್ತಿ ತಳ್ಳಿದಾಗ ಉರುಳೆಯಿಂದ ಹಸಿ ಹುಲ್ಲು ಚಿಮ್ಮಿ, ಮುಂದೆ ನಿಂತಿದ್ದ ಭಾನುಪ್ರಕಾಶನ ಪ್ಯಾಂಟಿಗೆಲ್ಲ ಮೆತ್ತಿಕೊಂಡಿತು. ದಾರಿ ಬಿಡಿ ಸಾ ಎಂದಳು. ಅವನು ಬಿಟ್ಟ.