ಎರಡು ಕಿವಿಯ ಕಾವಲಿ

ಕಾವಲಿಯ ಅಂಚಿನಿಂದ ನಡುವಿನ ಕಡೆಗೆ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಇತ್ತು. ಸವರಿದ ಎಣ್ಣೆ ಆ ಗೆರೆಯೊಳಗೆ ಇಳಿದು, ಅಡಿಯಲ್ಲಿ ಹನಿಯಾಗಿ ನಿಂತು, ಗ್ಯಾಸಿನ ನೀಲಿ ಉರಿಗೆ ಬಿತ್ತು. ಒಂದು ಹಳದಿ ಜ್ವಾಲೆ ಎದ್ದು ಆರಿತು.

ನೀರುದೋಸೆಗೆ ಕಾಯುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಅದನ್ನು ಕಂಡರು. ಬಗ್ಗಿ ನೋಡಿ, ಕಾವಲಿ ಒಡೆದಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಿಸಿ ಕಾವಲಿಯನ್ನು ನಳ್ಳಿಯ ಅಡಿಗೆ ಹಿಡಿದಿಯಾ ಹೇಗೆ? ಫಿಸಿಕ್ಸ್ ಪಾಠ ಮಾಡುವವಳಲ್ವಾ ಮಾರಾಯ್ತಿ ನೀನು."

ನಗುತ್ತಲೇ ಹೇಳಿದ್ದು. ಆದರೆ ಉತ್ತರಕ್ಕೆ ಕಾದರು. ಅತ್ತೆ ತಲೆ ಎತ್ತದೆ ಹಿಟ್ಟು ಕಲಕುತ್ತಿದ್ದರು. ಹಿಡಿದೆನೋ ಏನೋ, ನನಗೆ ಗೊತ್ತಿಲ್ಲ ಎಂದೆ.

ಗೊತ್ತಿತ್ತು. ಹಿಂದಿನ ದಿನ ಬಚ್ಚಲಿನಿಂದ ಬರುವಾಗ ನೋಡಿದ್ದೆ. ಅತ್ತೆ ಕಾವಲಿಯನ್ನು ಒಲೆಯಿಂದ ಎತ್ತಿ ತೊಳೆಯುವ ಕಲ್ಲಿನತ್ತ ತಿರುಗಿದ್ದರು. ಅವರ ಬಲಗೈಯ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಬೇರೆ ಹೇಗೆ ಹೇಳುವುದೆಂದು ನನಗೆ ತಿಳಿಯದು. ಕಾವಲಿ ಕಲ್ಲಿನ ಅಂಚಿಗೆ ಬಡಿದು ನೆಲಕ್ಕೆ ಬಿತ್ತು. ಅವರು ಅದನ್ನು ನೋಡಲಿಲ್ಲ. ಕೈಯನ್ನೇ ನೋಡುತ್ತಿದ್ದರು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ಬಳಿಕ ಎಡಗೈಯಿಂದ ಕಾವಲಿಯನ್ನು ಎತ್ತಿ ಗೋಡೆಗೆ ಒರಗಿಸಿದರು. ತಿರುಗುವಾಗ ನಾನು ಅವರ ಕಣ್ಣಿಗೆ ಬಿದ್ದೆ. ಏನೂ ಕಾಣದವಳ ಹಾಗೆ ಕೋಣೆಗೆ ನಡೆದೆ.

ನಮ್ಮ ಮನೆ ಕಡಬದಿಂದ ಉಪ್ಪಿನಂಗಡಿಗೆ ಹೋಗುವ ರಸ್ತೆಯ ಬದಿಯಲ್ಲಿದೆ. ಗಂಡನಿಗೆ ಸುಳ್ಯದಲ್ಲಿ ಕೆಲಸ, ನನಗೆ ಪುತ್ತೂರಿನ ಒಂದು ಕಾಲೇಜಿನಲ್ಲಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮದುವೆಯಾಗಿ ಬಂದಾಗಿನಿಂದ ನಾನು ಆ ಅಡುಗೆಮನೆಯಲ್ಲಿ ಕಾಯಿ ತುರಿದಿದ್ದೇನೆ, ತರಕಾರಿ ಹೆಚ್ಚಿದ್ದೇನೆ; ಕಾವಲಿಯ ಮುಂದೆ ನಿಂತದ್ದು ಕಡಿಮೆ. ಅದು ಅತ್ತೆಯ ಜಾಗ. ಬೀಡಿನ, ಎಂದರೆ ಎರಕದ ಕಬ್ಬಿಣದ, ಆ ಕಾವಲಿಗೆ ಸೋಪು ತಾಗಿಸುವಂತಿರಲಿಲ್ಲ, ಅದರಲ್ಲಿ ಚಪಾತಿ ಕಾಯಿಸುವಂತಿರಲಿಲ್ಲ. ಚಪಾತಿ ಕಾಯಿಸಿದ ಕಾವಲಿಯಿಂದ ದೋಸೆ ಏಳುವುದಿಲ್ಲ ಎಂದು ಚಪಾತಿಗೆ ಬೇರೆಯೇ ಇಟ್ಟಿದ್ದರು.

ಅವರು ಯಾಕೆ ಬಾಯಿ ಬಿಡುತ್ತಿಲ್ಲ ಎಂಬುದೂ ನನಗೆ ಗೊತ್ತಿತ್ತು. ಸುಳ್ಯದಲ್ಲಿ ಅವರ ಅಕ್ಕ ಇದ್ದಾರೆ. ಅವರಿಗೂ ಮೊದಲಿಗೆ ಕೈಯ ಹಿಡಿತವೇ ತಪ್ಪಿದ್ದು. ಮಕ್ಕಳಿಗೆ ಹೇಳಿದರು, ಆಸ್ಪತ್ರೆಗೆ ಹೋದರು, ಬಂದರು. ಅಂದಿನಿಂದ ಅವರನ್ನು ಯಾರೂ ಒಲೆಯ ಹತ್ತಿರ ಬಿಟ್ಟಿಲ್ಲ. ನಾವು ಹೋದಾಗ ಜಗಲಿಯ ಕುರ್ಚಿಯಲ್ಲಿ ಕುಳಿತು, ಒಳಗಿನ ಒಗ್ಗರಣೆಯ ವಾಸನೆ ಹಿಡಿದು, ಸಾಸಿವೆ ಸೀದಿತು ಎಂದು ಕೂಗುತ್ತಾರೆ. ಒಳಗಿನಿಂದ ಯಾರೂ ಓಗೊಡುವುದಿಲ್ಲ.

ಆ ರಾತ್ರಿ ಫೋನಿನಲ್ಲಿ ಹುಡುಕಿ ಓದಿದೆ. ಕುತ್ತಿಗೆಯ ನರ ಇರಬಹುದು, ಮಣಿಕಟ್ಟು ಇರಬಹುದು, ಮಿದುಳೂ ಇರಬಹುದು. ಕೊನೆಯದನ್ನು ಓದಿ ಫೋನನ್ನು ಮಗುಚಿ ಇಟ್ಟೆ. ಗಂಡನಿಗೆ ಹೇಳಿದರೆ ಮರುದಿನವೇ ಅಡುಗೆಗೆ ಜನ ಬರುತ್ತಾರೆ. ಅತ್ತೆಗೆ ಇನ್ನೊಂದು ಕುರ್ಚಿ. ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸುವುದಕ್ಕೂ ಧೈರ್ಯ ಬರಲಿಲ್ಲ.

ಭಾನುವಾರ ಮೂವರೂ ಪುತ್ತೂರಿಗೆ ಹೋದೆವು. ಪಾತ್ರೆ ಅಂಗಡಿಯವರಿಗೆ ಅತ್ತೆಯ ಪರಿಚಯ ಹಳೆಯದು. ನೆರೆಯ ಮನೆಗಳಿಗೂ ಕಾವಲಿ ಆರಿಸಿಕೊಡುತ್ತಿದ್ದವರು ಅತ್ತೆಯೇ. ಗಂಡ ನೇರವಾಗಿ ನಾನ್‌ಸ್ಟಿಕ್ ಇರುವ ಕಡೆ ಹೋಗಿ ಒಂದನ್ನು ಎತ್ತಿ, ಎಷ್ಟು ಹಗುರ ಉಂಟು ನೋಡಿ ಎಂದರು.

"ಎರಡು ಮಳೆಗಾಲ ಕಳೆಯುವಾಗ ಅದರ ಕಪ್ಪೆಲ್ಲ ನಮ್ಮ ಹೊಟ್ಟೆಯಲ್ಲಿರ್ತದೆ," ಎಂದರು ಅತ್ತೆ.

"ಮೆಲ್ಲ ಹೇಳಿ ಅಕ್ಕ, ಬೇರೆ ಗಿರಾಕಿಗಳು ಇದ್ದಾರೆ," ಎಂದು ನಗುತ್ತ ಅಂಗಡಿಯವರು ಒಳಗಿನಿಂದ ಬೀಡಿನ ಕಾವಲಿಗಳನ್ನು ತಂದು ಹಲಗೆಯ ಮೇಲೆ ಹರಡಿದರು. ಅಷ್ಟರಲ್ಲಿ ಗಂಡನಿಗೆ ಫೋನ್ ಬಂತು. ಮಾತಾಡುತ್ತ ಮೆಟ್ಟಿಲಿಗೆ ಹೋದರು.

ಬೀಡಿನ ಕಾವಲಿಯನ್ನು ನೋಡಿ ಆರಿಸುವುದಲ್ಲ, ಕೇಳಿ ಆರಿಸುವುದು. ಅದರ ಹಿಡಿಯಲ್ಲಿ ಒಂದು ತೂತು ಇರುತ್ತದೆ. ಬಲಗೈಯ ಬೆರಳು ತೂರಿಸಿ ನೇತಾಡಿಸಿ, ಎಡಗೈಯ ಗೆಣ್ಣಿನಿಂದ ಬಡಿಯಬೇಕು. ಎಲ್ಲೂ ಬಿರುಕಿಲ್ಲದಿದ್ದರೆ ಗಂಟೆಯ ಹಾಗೆ ನಾದ ಉಳಿಯುತ್ತದೆ. ಅತ್ತೆ ಇದನ್ನು ಅದೆಷ್ಟು ಸಲ ಮಾಡಿದ್ದಾರೋ. ಅಂಗಡಿಯವರು ಕೌಂಟರಿನ ಮೇಲೆ ಕೈಯೂರಿ, ಆ ನಾದಕ್ಕೆ ಕಾಯುವವರ ಹಾಗೆ ನಿಂತರು.

ನಾನು ಹಿಡಿಯುತ್ತೇನೆ ಎನ್ನಬಹುದಿತ್ತು. ಹಾಗೆ ಅಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಅತ್ತೆ ಬೆರಳು ತೂರಿಸಿದರು. ಎತ್ತಿದರು. ಒಮ್ಮೆ ಬಡಿದರು, ನಾದ ಚೆನ್ನಾಗಿತ್ತು. ಇನ್ನೊಮ್ಮೆ ಬಡಿಯಲು ಎಡಗೈ ಎತ್ತಿದಾಗ ಬಲಗೈಯ ಬೆರಳು ನೇರವಾಗುವುದು ನನಗೆ ಕಂಡಿತು. ಎರಡೂ ಕೈ ಅಡಿಗೆ ಕೊಟ್ಟೆ. ಕಾವಲಿ ನನ್ನ ಅಂಗೈಗೆ ಬಿದ್ದು, ಅಲ್ಲಿಂದ ಜಾರಿ ಹಲಗೆಗೆ ಬಡಿಯಿತು. ಅಂಗಡಿಯೆಲ್ಲ ಕೇಳುವಂತೆ.

"ಎಂತ ಆಯ್ತು?" ಗಂಡ ಮೆಟ್ಟಿಲಿನಿಂದ ಕೇಳಿದರು.

ಅತ್ತೆ ನನ್ನನ್ನು ನೋಡಿದರು.

"ನನ್ನ ಕೈ ತಾಗಿತು," ಎಂದೆ.

"ನಿನಗೂ ಬೀಡಿಗೂ ಆಗಿಬರುದಿಲ್ಲ," ಎಂದು ನಗುತ್ತ ಅವರು ಮತ್ತೆ ಫೋನಿಗೆ ತಿರುಗಿದರು. ಅಂಗಡಿಯವರು ಮಾತ್ರ ನಗಲಿಲ್ಲ. ಆ ಕಾವಲಿಯನ್ನು ತಿರುಗಿಸಿ ಮಗುಚಿ ನೋಡಿ, ಏನೂ ಆಗಿಲ್ಲ ಎಂದು ಬದಿಗಿಟ್ಟರು.

ಕೆಳಗಿನ ಸಾಲಿನಲ್ಲಿ ಬಡಿದು ಮಾಡಿದ ಕಬ್ಬಿಣದ ಕಾವಲಿಗಳಿದ್ದವು. ಉದ್ದ ಹಿಡಿಯಿಲ್ಲ, ಎರಡು ಬದಿಗೂ ಒಂದೊಂದು ಕಿವಿ. ಬೀಡಿಗಿಂತ ಹಗುರ. ಬಿದ್ದರೆ ಬಾಗಬಹುದು, ಒಡೆಯುವುದಿಲ್ಲ. ದಪ್ಪಗಿದ್ದ ಒಂದನ್ನು ತೆಗೆದು ಅತ್ತೆಯ ಮುಂದಿಟ್ಟೆ. ನನ್ನಂಥವಳಿಗೆ ಇದೇ ಒಳ್ಳೆಯದು, ಎಷ್ಟು ಸಲ ಬೀಳಿಸಿದರೂ ಬಾಳುತ್ತದೆ ಎಂದೆ. ಅವರು ಅಂಚಿನ ದಪ್ಪವನ್ನು ಹೆಬ್ಬೆರಳಿನಿಂದ ನೋಡಿದರು. ಇದರಲ್ಲಿ ಶಾಖ ಬೇಗ ಏರುತ್ತದೆ, ಉರಿ ಸಣ್ಣ ಇಡಬೇಕು ಎಂದು ತನಗೇ ಹೇಳಿಕೊಂಡರು. ಕೊನೆಗೆ ಎರಡು ಕಿವಿಗಳನ್ನೂ ಹಿಡಿದು ಎತ್ತಿದರು. ಇಳಿಸುವ ಅವಸರವಿಲ್ಲದೆ ಸ್ವಲ್ಪ ಹೊತ್ತು ಹಾಗೇ ಹಿಡಿದರು.

"ಇದನ್ನೇ ಕಟ್ಟಿಕೊಡಿ," ಎಂದರು.

ಸಂಜೆ ಗಂಡ ಪೇಟೆಗೆ ಹೋದ ಮೇಲೆ ಕಾವಲಿ ಪಳಗಿಸಲು ಕುಳಿತೆವು. ಉಜ್ಜಿ ತೊಳೆದು, ಕುಚ್ಚಲಕ್ಕಿ ಗಂಜಿಯ ತಿಳಿ ಹೊಯ್ದು ಕುದಿಸಿ ಚೆಲ್ಲಿದೆ. ಬಳಿಕ ತೆಂಗಿನೆಣ್ಣೆ ಹಾಕಿ, ಅರ್ಧ ನೀರುಳ್ಳಿಯನ್ನು ಸೌಟಿನ ಹಿಡಿಗೆ ಚುಚ್ಚಿ ಉಜ್ಜುತ್ತಿದ್ದೆ. ಅಂಚಿಗೂ ಉಜ್ಜು ಎಂದು ಅತ್ತೆ ತೋರಿಸುತ್ತಿದ್ದರು. ನೀರುಳ್ಳಿ ಕಪ್ಪಾಗುತ್ತ ಬಂದಾಗ ಕೇಳಿದರು.

"ಎರಡು ಸಲವೂ ನಿನ್ನ ಮೇಲೆ ಯಾಕೆ ಹಾಕಿಕೊಂಡಿ?"

"ನೀವು ಹೇಳ್ಲಿಲ್ಲ ಅಲ್ವಾ ಅತ್ತೆ."

ಅವರು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಮಳೆ ಬಿಟ್ಟಾಗಿನಿಂದ, ಮೊದಲು ಚೊಂಬು ಜಾರುತ್ತಿತ್ತು ಎಂದರು. ನಾನು ಉರಿ ಆರಿಸಿದೆ. ಪುತ್ತೂರಿನಲ್ಲಿ ಡಾಕ್ಟರಿಗೆ ತೋರಿಸಬೇಕು, ತಡ ಮಾಡಿದರೆ ಕೈ ಪೂರ್ತಿ ಹೋಗಬಹುದು ಎಂದೆ. ಮಿದುಳಿನ ಮಾತು ಎತ್ತಲಿಲ್ಲ.

"ತೋರಿಸಿದ್ರೆ ಅಕ್ಕನ ಹಾಗೆ ಕೂರಿಸ್ತೀರಿ ನನ್ನನ್ನು."

"ಕಾವಲಿ ಎತ್ತುದು ಇಳಿಸುದು ನಾನು ಮಾಡ್ತೇನೆ. ದೋಸೆ ನೀವೇ ಹೊಯ್ಯಿರಿ. ಇವರಿಗೆ ಏನು ಹೇಳುದು, ಅದನ್ನೂ ನೀವೇ ಹೇಳಿ. ಆದ್ರೆ ಡಾಕ್ಟರ್ ನೋಡಿದ ಮೇಲೆ."

ಅವರು ಎದ್ದು ಅಕ್ಕಿ ನೆನೆಹಾಕಿದರು.

ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲು ಎದ್ದೆ. ಕಾವಲಿಯನ್ನು ಒಲೆಯ ಮೇಲಿಟ್ಟೆ, ಉರಿ ಹಚ್ಚಲಿಲ್ಲ. ಅತ್ತೆ ಬಂದು ಅದನ್ನು ನೋಡಿ, ಎಡಗೈಯಿಂದ ಹಚ್ಚಿದರು. ಮೊದಲ ದೋಸೆ ಹಿಡಿದುಕೊಂಡು ಹರಿಯಿತು, ಆಮೇಲಿನವು ಎದ್ದವು. ಗಂಡ ತಿಂದು ಸುಳ್ಯಕ್ಕೆ ಹೊರಟರು. ನಾನು ಕಾವಲಿ ಇಳಿಸಿ ಒರಸಿಟ್ಟು, ಕಾಲೇಜಿಗೆ ಫೋನ್ ಮಾಡಿ ರಜೆ ಹೇಳಿ, ಬ್ಯಾಗು ಹಿಡಿದು ರಸ್ತೆಗೆ ಹೋಗಿ ನಿಂತೆ. ಹಿಂದೆ ನೋಡಲಿಲ್ಲ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಚಪ್ಪಲಿಯ ಸದ್ದು ಕೇಳಿತು. ಅತ್ತೆ ಸೀರೆ ಬದಲಿಸಿ ಬಂದಿದ್ದರು.

ನಾನು ಬಸ್ಸಿಗೆ ಕೈ ತೋರಿಸಿದೆ. ಅವರು ಎಡಗೈಯಿಂದ ಕಂಬಿ ಹಿಡಿದು ಹತ್ತುವಾಗ ಹಿಂದೆಯೇ ನಿಂತೆ. ಕಂಡಕ್ಟರ್ ಬಂದಾಗ, ಎರಡು ಪುತ್ತೂರು ಎಂದೆ.