ರೊಟ್ಟಿ ಜಾಹೀರಾತಿನ ಹುಡುಗಿ

ಶಿಕಾರಿಪುರದ ಬಿಂದುಶ್ರೀ ಮೊದಲು ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದ ಬ್ಯಾನರ್ ಮಾಡುತ್ತಿದ್ದಳು. ಈಗ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಸ್ವಂತ ಕೋಣೆ ಹಿಡಿದು, ಊರಿನ ವ್ಯಾಪಾರಿಗಳ ಜಾಹೀರಾತು ಜನರ ಮೊಬೈಲಿನಲ್ಲಿ ಬರುವಂತೆ ಮಾಡುತ್ತಾಳೆ. ಯಾರಾದರೂ ಜಾಹೀರಾತನ್ನು ಒತ್ತಿದ ಕೂಡಲೇ ವ್ಯಾಪಾರಿಯ ದುಡ್ಡು ಕರಗುತ್ತದೆ; ಒತ್ತಿದವರು ಸಾಮಾನು ಕೊಂಡರೆ ಮಾತ್ರ ಲಾಭ.

ಖಡಕ್ ರೊಟ್ಟಿ ಮಾಡಿ ಕೊರಿಯರಿನಲ್ಲಿ ಕಳಿಸುವ ದ್ಯಾಮಮ್ಮ ಅವಳ ಹಳೆಯ ಗಿರಾಕಿ. ದೀಪಾವಳಿಗೆ ಮುಂಚೆ ಬಿಂದುಶ್ರೀ ಆ ಜಾಹೀರಾತಿಗೆ ಹೊಸ ಚಿತ್ರ ಹಾಕಿದಳು. ರೊಟ್ಟಿ ಹಿಡಿದು ನಗುವ ಹೆಣ್ಣುಮಗಳು. ಕಂಪ್ಯೂಟರೇ ಹುಟ್ಟಿಸಿದ ಮುಖ ಅದು. ಅಂದಿನಿಂದ ಒತ್ತುವವರು ಹೆಚ್ಚುತ್ತಲೇ ಹೋದರು, ಆರ್ಡರ್ ಇಳಿಯುತ್ತಲೇ ಹೋಯಿತು.

"ರೊಟ್ಟಿ ಎಲ್ಲಾ ಡಬ್ಬಿನಾಗೇ ಕುಂತಾವಲ್ಲವ್ವ," ಎಂದಳು ದ್ಯಾಮಮ್ಮ. "ಯಾರೋ ಫೋನ್ ಮಾಡ್ತಾರ, ಮಾತಾಡಲ್ಲ. ಬರೇ ಉಸಿರು ಕೇಳ್ತೈತಿ. ನಿನ್ನೆ ಒಬ್ಬಾಕಿ ಬಾಯಿ ಬಿಟ್ಲು, 'ನಾಗವೇಣಿ ಅದಾಳೇನ್ರಿ?' ಅಂತ."

ಬಿಂದುಶ್ರೀ ಲೆಕ್ಕ ತೆಗೆದು ನೋಡಿದಳು. ಒತ್ತಿದವರಲ್ಲಿ ಹೆಚ್ಚಿನವರೆಲ್ಲ ಸೊರಬದ ಕಡೆಯ ಒಂದೇ ಜಾಗದವರು. ಜಾಹೀರಾತಿಗೆಂದು ಇಟ್ಟ ದಿನದ ದುಡ್ಡನ್ನೆಲ್ಲ ಅವರೇ ಮುಗಿಸುತ್ತಿದ್ದರು. ಕೊಳ್ಳುವವರಿಗೆ ಜಾಹೀರಾತು ಕಾಣುತ್ತಲೇ ಇರಲಿಲ್ಲ. ದ್ಯಾಮಮ್ಮನಿಗೆ ಬಂದಿದ್ದ ನಂಬರಿಗೆ ಫೋನ್ ಮಾಡಿ, ವಿಳಾಸ ಕೇಳಿಕೊಂಡು, ಮರುದಿನ ಬಸ್ ಹತ್ತಿದಳು.

ಗುಡವಿಯ ಆಚೆ ಕಾಡಂಚಿನ ಹಳ್ಳಿ. ವಿಳಾಸದಲ್ಲಿದ್ದ ಗೋಪಾಲಪ್ಪನ ಮನೆಯ ಜಗಲಿಯಲ್ಲಿ ಆರೆಂಟು ಹೆಂಗಸರು ಸುಮ್ಮನೆ ಕುಳಿತಿದ್ದರು. ಎಲ್ಲರ ಕೈಯಲ್ಲೂ ಮೊಬೈಲು. ಜಾಹೀರಾತು ಬಂದಾಗ ಆ ಮುಖವನ್ನು ಮೆಲ್ಲಗೆ ಮುಟ್ಟುತ್ತಿದ್ದರು. ಮುಟ್ಟಿದರೆ ಮುಖ ಹೋಗಿ ರೊಟ್ಟಿಯ ಪುಟ ತೆರೆಯುತ್ತಿತ್ತು. ಹಿಂದೆ ಬಂದು ಮತ್ತೆ ಮುಟ್ಟುತ್ತಿದ್ದರು.

ಗೋಪಾಲಪ್ಪನ ಹೆಂಡತಿ ತಿಮ್ಮಮ್ಮ ಎದ್ದು ಬಂದು ಬಿಂದುಶ್ರೀಯ ಕೈ ಹಿಡಿದಳು. "ನನ್ ಮಗಳನ್ನ ಎಲ್ಲಿ ಇಟ್ಕಂಡೀರಿ?"

ನಾಗವೇಣಿ ಕೆಲವು ವರ್ಷಗಳ ಹಿಂದೆ ಸೊರಬಕ್ಕೆ ಟೈಪಿಂಗ್ ಕ್ಲಾಸಿಗೆಂದು ಹೋದವಳು ಮನೆಗೆ ಬಂದಿರಲಿಲ್ಲ. ಗೋಪಾಲಪ್ಪ ಅವಳ ಹಳೆಯ ಫೋಟೋ ತಂದು ಕೊಟ್ಟ. ಅದೇ ಮುಖ. ಜಾಹೀರಾತಿನಲ್ಲಿ ಅದಕ್ಕೆ ಅಷ್ಟು ವರ್ಷ ವಯಸ್ಸಾಗಿತ್ತು, ಅಷ್ಟೇ.

"ಅಮ್ಮಾ, ಇದು ಯಾರ ಫೋಟೋನೂ ಅಲ್ರಿ. ಕಂಪ್ಯೂಟರ್ ಮಾಡಿದ್ದು."

"ಚಿಕ್ಕೋಳಿದ್ದಾಗ ಬಾವಿಕಟ್ಟೆ ಮೇಲೆ ಬಿದ್ದು ಹಲ್ಲು ಮುರ್ಕಂಡಿದ್ಲು. ಅದು ಕಂಪ್ಯೂಟರಿಗೆ ಹೆಂಗೆ ಗೊತ್ತಾತು?"

ಬಿಂದುಶ್ರೀ ಚಿತ್ರವನ್ನು ದೊಡ್ಡದು ಮಾಡಿದಳು. ಮುಂದಿನ ಹಲ್ಲಿನ ತುದಿ ಮುರಿದಿತ್ತು. ಹಲ್ಲು ಹಾಗಿರಲಿ ಎಂದು ಅವಳು ಕಂಪ್ಯೂಟರಿಗೆ ಹೇಳಿರಲಿಲ್ಲ. ಅಷ್ಟು ದಿನ ಗಮನಿಸಿಯೂ ಇರಲಿಲ್ಲ.

ಊರಿಗೆ ಮರಳಿ ಜಾಹೀರಾತಿಗೆ ದ್ಯಾಮಮ್ಮನದೇ ಚಿತ್ರ ಹಾಕಿದಳು. ಆರ್ಡರ್ ಮೊದಲಿನಂತಾಯಿತು. ನಾಗವೇಣಿಯ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಕೊಡುತ್ತೇನೆಂದು ಫೋನ್ ಮಾಡಿದರೆ ತಿಮ್ಮಮ್ಮ ಒಪ್ಪಲಿಲ್ಲ. "ಗೋಡೆಗೆ ಹಾಕೋದು ಸತ್ತೋರ ಫೋಟೋ ಕಣವ್ವ. ಅವಳು ಮೊಬೈಲಲ್ಲೇ ಇರ್ಲಿ."

ಬಿಂದುಶ್ರೀ ಹಳೆಯ ಜಾಹೀರಾತನ್ನು ಆ ಹಳ್ಳಿಯ ಸುತ್ತಮುತ್ತ ಮಾತ್ರ ಕಾಣುವಂತೆ ತನ್ನ ಖರ್ಚಿನಲ್ಲಿ ಉಳಿಸಿದಳು.

ಸಂಕ್ರಾಂತಿ ಹೊತ್ತಿಗೆ ಆ ಜಾಹೀರಾತಿನಿಂದ ಒಂದು ಆರ್ಡರ್ ಬಂತು. ಅದೇ ಮೊದಲು. ಒಂದು ಕಟ್ಟು ರೊಟ್ಟಿ, ಗೋಪಾಲಪ್ಪನ ಮನೆಗೆ. ದುಡ್ಡು ಸಂದಾಯವಾಗಿತ್ತು. ಆರ್ಡರ್ ಕೊಟ್ಟವರ ಹೆಸರಿರಲಿಲ್ಲ, ಕೊಟ್ಟ ನಂಬರ್ ಚಾಲ್ತಿಯಲ್ಲಿರಲಿಲ್ಲ. ಗೋಪಾಲಪ್ಪನನ್ನು ಕೇಳಿದಾಗ, "ನಮಗೆ ಅದೆಲ್ಲ ಮಾಡಕ್ಕೆ ಬರಲ್ರಿ, ಬರೀ ಮುಟ್ಟೋದೊಂದೇ ಗೊತ್ತು," ಎಂದ.

ರೊಟ್ಟಿ ತಲುಪಿದ ದಿನ ತಿಮ್ಮಮ್ಮನ ಫೋನ್ ಬಂತು. "ಬಂತವ್ವ. ಇಲ್ಲಿಯೋರಿಗೆ ಮಾತ್ರ ಕಾಣ್ತದೆ ಅಂದಿದ್ಯಲ್ಲ? ಹಂಗಾದ್ರೆ ಅವಳು ಹತ್ರದಲ್ಲೇ ಅದಾಳೆ."

ಅಂದಿನಿಂದ ಆ ಹಳ್ಳಿಯಲ್ಲಿ ಯಾರೂ ಜಾಹೀರಾತನ್ನು ಮುಟ್ಟಲಿಲ್ಲ. ಏನಾಯಿತೆಂದು ವಿಚಾರಿಸಲು ಬಿಂದುಶ್ರೀ ತಿಮ್ಮಮ್ಮನ ಮನೆಗೆ ಫೋನ್ ಮಾಡಿದಳು. ಅತ್ತ ಯಾರೋ ಎತ್ತಿದರು. ಬರೀ ಉಸಿರು ಕೇಳಿಸಿತು. "ನಾಗವೇಣಿ ಇದ್ದಾಳೇನ್ರಿ?" ಎಂದು ಕೇಳಿದಳು ಬಿಂದುಶ್ರೀ.