ಗಯಾಬಾಯಿ ಅತ್ತೆಯಾದದ್ದು

ನಿರ್ಣಾದ ಆಮ್ರಪಾಲಿ ಬೀದಿನಾಟಕಕ್ಕೆ ಸೇರಿ ಇಪ್ಪತ್ತೇಳು ವರ್ಷವಾಯಿತು. ಹೊಲದಲ್ಲಿ ಕೂಲಿ ಸಿಗದ ದಿನಗಳಲ್ಲಿ ಮಾಡೋಣವೆಂದು ಹೋದವಳು ಅಲ್ಲೇ ಉಳಿದಳು. ತಂಡ ಹುಮನಾಬಾದಿನ ಮಚ್ಚೇಂದ್ರನದು. ಆರು ಜನ, ಬಾರಿಸಲು ಒಂದು ಹಲಗೆ, ಊರೂರು ತಿರುಗಲು ಒಂದು ಟಂಟಂ ಗಾಡಿ. ಬಾಲ್ಯವಿವಾಹ, ಶೌಚಾಲಯ, ರಕ್ತಹೀನತೆ, ಮತದಾನ ಎಂದು ವರ್ಷಕ್ಕೊಂದು ವಿಷಯ ಸರಕಾರದ ಕಡೆಯಿಂದ ಬರುತ್ತಿತ್ತು. ಜೊತೆಗೆ ಬರುವ ಮಾತಿನ ಹಾಳೆಯಲ್ಲಿ ಅವಳ ಪಾತ್ರಕ್ಕೆ ಹೆಸರಿರುತ್ತಿರಲಿಲ್ಲ. ‘ಹೆಂಗಸು ಒಂದು’ ಎಂದಷ್ಟೇ ಇರುತ್ತಿತ್ತು.

ಮೊದಲ ವರ್ಷ ಅವಳು ಮದುವೆ ಬೇಡವೆಂದು ಅಳುವ ಹುಡುಗಿಯಾಗಿದ್ದಳು. ಆಟ ಮುಗಿದ ಮೇಲೆ ಒಬ್ಬಳು ಹತ್ತಿರ ಬಂದು, “ನಿನ್ನ ಹೆಸರೇನವ್ವ?” ಎಂದು ಕೇಳಿದಾಗ ಬಾಯಿಗೆ ಬಂದದ್ದು ‘ಗಯಾಬಾಯಿ’. ಮರುವರ್ಷ ಅದೇ ಊರಿನಲ್ಲಿ ಶೌಚಾಲಯದ ನಾಟಕ. ತಾಳಿ ಹಾಕಿಕೊಂಡು ನಿಂತವಳನ್ನು ಕಂಡು ಹೆಂಗಸರು ತಕರಾರು ತೆಗೆದರು. “ಹೋದ ವರ್ಷ ಲಗ್ನ ಬ್ಯಾಡ ಅಂದಾಕಿ ನೀನೇ ಅಲ್ಲೇನು? ಕಡಿಗೂ ಮಾಡೇಬಿಟ್ಟರೇನು?”

ಆಮ್ರಪಾಲಿ ನಕ್ಕು ಟಂಟಂ ಹತ್ತಿದಳು. ಮನೆಗೆ ಬಂದು ಕೂತು ಯೋಚಿಸಿದಳು. ಆ ದಿನ ಮದುವೆ ನಿಂತಿತು, ಹದಿನೆಂಟು ತುಂಬಿದ ಮೇಲೆ ಗಯಾಬಾಯಿ ತಾನೇ ಒಪ್ಪಿ ಆದಳು ಎಂದು ತೀರ್ಮಾನಿಸಿ, ಮರೆಯಬಾರದೆಂದು ಒಂದು ನೋಟಬುಕ್ಕಿನಲ್ಲಿ ಬರೆದಿಟ್ಟಳು. ಆಮೇಲೆ ಪ್ರತಿ ವರ್ಷ ಒಂದಿಷ್ಟು ಸೇರಿತು. ಗಯಾಬಾಯಿ ಸಿಟ್ಟು ಬಂದರೆ ಸೆರಗಿನ ತುದಿ ಕಚ್ಚುತ್ತಾಳೆ. ಬಾವಿ ಕಂಡರೆ ಅವಳಿಗೆ ಹೆದರಿಕೆ. ರಕ್ತಹೀನತೆಯ ವರ್ಷ ಹುಟ್ಟಿದ ಕೂಸು ಮೂರನೇ ದಿನಕ್ಕೆ ಹೋಯಿತು. ಎರಡನೆಯದು ಗಂಡು, ಉಳಿಯಿತು.

“ಹದಿನೈದು ಮಿನಿಟಿನ ಆಟಕ್ಕ ಇಷ್ಟೆಲ್ಲ ಯಾಕ ಬೇಕು ನಿನಗ?” ಎಂದು ಮಚ್ಚೇಂದ್ರ ನಗುತ್ತಿದ್ದ.

“ಮಂದಿ ಕೇಳ್ತಾರಲ್ರಿ ಅಣ್ಣಾ,” ಎನ್ನುತ್ತಿದ್ದಳು ಅವಳು.

ಈಗ ಆಮ್ರಪಾಲಿಗೆ ನಲವತ್ತಾರು. ಮೊಣಕಾಲು ಹಿಡಿಯುತ್ತದೆ. ದಿನಕ್ಕೆ ಎರಡು ಊರು ಮಾಡಿದರೆ ಗಂಟಲು ಕಟ್ಟುತ್ತದೆ. ಈ ವರ್ಷದ ವಿಷಯ ಬಸುರಿ ಹೆಂಗಸರ ತಪಾಸಣೆ. ಸೊಸೆಯ ಪಾತ್ರಕ್ಕೆ ಬಸವಕಲ್ಯಾಣದಿಂದ ಧನಶ್ರೀ ಎಂಬ ಇಪ್ಪತ್ತೆರಡರ ಹುಡುಗಿ ಬಂದಳು.

“ನೀ ಅತ್ತಿ ಆಗು,” ಎಂದ ಮಚ್ಚೇಂದ್ರ. “ಸೊಸೀನ ದವಾಖಾನಿಗಿ ಕಳಸಂಗಿಲ್ಲ ಅಂತ ಒದರ್ಯಾಡೋದು, ಅಷ್ಟೇ.”

“ಗಯಾಬಾಯಿ ಹಂಗ ಒದರಾಕಿ ಅಲ್ರಿ.”

“ಹಂಗಾರ ಬ್ಯಾರೆ ಹೆಸರಿಟ್ಕೊ.”

“ಈ ಮಾರಿ ಇಷ್ಟು ವರ್ಷ ನೋಡಿದ ಮಂದಿ ಬ್ಯಾರೆ ಹೆಸರು ನಂಬತಾರೇನ್ರಿ?”

ಮಚ್ಚೇಂದ್ರ ಹಾಳೆಯನ್ನು ಅವಳ ಕೈಗೆ ಕೊಟ್ಟು ಎದ್ದುಹೋದ. ಅದರಲ್ಲಿ ಎಂಟು ಬೈಗುಳದ ಮಾತುಗಳಿದ್ದವು. ಎರಡು ದಿನ ಓದಿದರೂ ಒಂದೂ ಗಯಾಬಾಯಿಯ ಬಾಯಲ್ಲಿ ಕೂರಲಿಲ್ಲ. ಕೂಸು ಕಳೆದುಕೊಂಡವಳು ಸೊಸೆಯನ್ನು ಹೇಗೆ ತಡೆದಾಳು?

ಮೂರನೆಯ ದಿನ ತೊಗರಿ ಕೊಯ್ದು ಸಂಜೆ ಮನೆಗೆ ಬಂದು ಗೋಡೆಗೊರಗಿ ಕೂತಿದ್ದಳು. ಮಗಳು ಬಂದು, “ಅವ್ವಾ, ಕಣ್ಣು ತೋರಸಬೇಕು. ನಾಳೆ ನನ್ನ ಜೋಡಿ ಚಿಟಗುಪ್ಪಾ ದವಾಖಾನಿಗಿ ಬರ್ತೀಯೇನು?” ಎಂದು ಕೇಳಿದಳು.

“ನೋಡಮು,” ಎಂದಳು ಆಮ್ರಪಾಲಿ, ತಲೆ ಎತ್ತದೆ.

ಮಗಳು ಒಳಗೆ ಹೋದಳು. ತನ್ನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ ಎಂಬುದು ಆಮ್ರಪಾಲಿಗೆ ಆಮೇಲೆ ಹೊಳೆಯಿತು. ಅದರಲ್ಲಿ ದಣಿವು ಬಿಟ್ಟರೆ ಏನೂ ಇರಲಿಲ್ಲ. ಗಯಾಬಾಯಿಗೂ ಹೀಗೇ ಆಗಿರಬೇಕು ಅನ್ನಿಸಿತು. ಅತ್ತೆಯ ಪಾತ್ರ ಹೇಗೆಂದು ಕಂಡುಹಿಡಿದೆನೆಂಬ ಸಂತೋಷ ಮಾತ್ರ ಆಗಲಿಲ್ಲ.

ಮೊದಲ ಆಟ ಹುಮನಾಬಾದಿನ ಹತ್ತಿರದ ಹಳ್ಳಿಯಲ್ಲಿ, ಶಾಲೆಯ ಮುಂದಿನ ಬಯಲಲ್ಲಿ. ಆಮ್ರಪಾಲಿ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಳು. ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡ ಧನಶ್ರೀ ಬಂದು, “ಅತ್ತೀ, ದವಾಖಾನಿಗಿ ಬಾ ಅಂದಾರ. ನನ್ನ ಜೋಡಿ ಬರ್ತೀರೇನ್ರಿ?” ಎಂದಳು.

“ನೋಡಮು.”

ಧನಶ್ರೀ ಗಾಬರಿಯಾಗಿ ಮತ್ತೆ ಕೇಳಿದಳು.

“ನಾಳಿಗಿ.”

ಮೂರನೆಯ ಸಲ ಗಯಾಬಾಯಿ ಉತ್ತರಿಸಲೇ ಇಲ್ಲ. ಮೊರವನ್ನು ಒಮ್ಮೆ ಕೇರಿ ಮತ್ತೆ ಕಲ್ಲು ಹುಡುಕತೊಡಗಿದಳು. ಅತ್ತೆ-ಸೊಸೆಯ ಜಗಳ ನೋಡಿ ನಗಲು ಬಂದವರು ಸುಮ್ಮನಾದರು. ಹಲಗೆಯವನು ಯಾವಾಗ ಬಾರಿಸಬೇಕೆಂದು ತಿಳಿಯದೆ ಮಚ್ಚೇಂದ್ರನ ಮುಖ ನೋಡಿದ. ಆಟ ಹೇಗೋ ಮುಗಿಯಿತು.

ಶಕುಂತಲಾಬಾಯಿ ಎಂಬ ಮುದುಕಿ ಹತ್ತಿರ ಬಂದಳು. ಆ ಊರಿನವಳು, ಗಯಾಬಾಯಿಯನ್ನು ಮೊದಲ ವರ್ಷದಿಂದ ನೋಡಿದವಳು.

“ನೀ ಇಂಥಾಕಿ ಆಗ್ತಿ ಅಂತ ಅನಕೊಂಡಿದ್ದಿಲ್ಲ ನಾ,” ಎಂದಳು.

“ಬೇಕಂತ ಆಗಿಲ್ರಿ ಅಕ್ಕಾ. ಏಳಾಕ ಆಗಲಿಲ್ಲ, ಅಷ್ಟೇ. ಭಾಳ ದಣದೀನಿ.”

ಮುದುಕಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. “ನಿನ್ನ ಕೂಸು ಹೋತಲ್ಲ, ಆವತ್ತ ದವಾಖಾನಿಗಿ ನಿನ್ನ ಜೋಡಿ ಯಾರರ ಬಂದಿದ್ದರೇನು?”

ನೋಟಬುಕ್ಕಿನಲ್ಲಿ ಅದನ್ನು ಬರೆದಿರಲಿಲ್ಲ. ಆದರೂ ಆಮ್ರಪಾಲಿಗೆ ಗೊತ್ತಿತ್ತು. “ಯಾರೂ ಇಲ್ರಿ,” ಎಂದಳು.

“ನನಗೂ ಯಾರೂ ಬಂದಿದ್ದಿಲ್ಲ,” ಎಂದಳು ಶಕುಂತಲಾಬಾಯಿ. ತನ್ನ ಸೊಸೆಗೆ ಏಳನೇ ತಿಂಗಳು ನಡೆದಿದೆ ಎಂದಳು. ಕರೆದುಕೊಂಡು ಹೋಗುತ್ತೇನೆ ಎನ್ನಲಿಲ್ಲ. ಆಮ್ರಪಾಲಿಯೂ ಕೇಳಲಿಲ್ಲ. ಮುದುಕಿ ನೆಲಕ್ಕೆ ಕೈಯೂರಿ ಎದ್ದು ಮನೆಯ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಆಟ. ನೋಡಲು ಬಂದಿದ್ದ ಆರೋಗ್ಯ ಇಲಾಖೆಯ ಸಾಹೇಬರಿಗೆ ಅತ್ತೆ ಹಿಡಿಸಲಿಲ್ಲ. ಜನ ನಗದಿದ್ದರೆ ಯಾರು ನಿಂತು ನೋಡುತ್ತಾರೆ ಎಂದರು. ಮಧ್ಯಾಹ್ನದ ಆಟದಲ್ಲಿ ಆಮ್ರಪಾಲಿ ಎಂಟೂ ಬೈಗುಳವನ್ನು ಕೂಗಿ ಹೇಳಿದಳು. ಬಸ್ಸಿಗೆ ಕಾಯುತ್ತಿದ್ದವರು ನಕ್ಕು ಚಪ್ಪಾಳೆ ತಟ್ಟಿದರು. ಅವಳ ಗಂಟಲು ಪೂರ್ತಿ ಬಿದ್ದುಹೋಯಿತು.

ಮಚ್ಚೇಂದ್ರ ಚಹಾ ತಂದುಕೊಟ್ಟ. “ಹಳ್ಯಾಗ ನೀ ಮಾಡಿದಂಗೇ ಮಾಡು,” ಎಂದ. “ಸಾಹೇಬ್ರು ಬಂದಾಗ ಅಷ್ಟೇ ಒದರು.”

ಅವಳು ತಲೆಯಾಡಿಸಿದಳು. ಉಳಿದ ಒಂಬತ್ತು ಹಳ್ಳಿಗಳಲ್ಲಿ ಗಯಾಬಾಯಿ ಒದರಲಿಲ್ಲ. ಒಂದು ಊರಿನಲ್ಲಿ ಹೆಂಗಸರು ಆಟದ ನಡುವೆಯೇ ಎದ್ದುಹೋದರು. ಇನ್ನೊಂದರಲ್ಲಿ ಒಬ್ಬಳು ಸುಮ್ಮನೆ ಬಂದು ಅವಳ ಕೈ ಹಿಡಿದುಕೊಂಡು ನಿಂತಳು. ಕೊನೆಯ ಆಟ ಮುಗಿಸಿ ಟಂಟಂ ಹತ್ತಿದವಳು, ಗಾಡಿ ಹೆದ್ದಾರಿ ಮುಟ್ಟುವ ಮೊದಲೇ ಧನಶ್ರೀಯ ಹೆಗಲಿಗೆ ಒರಗಿ ನಿದ್ದೆ ಹೋದಳು.